ಪುಟ್ಟನ ಓ ಎಲ್ಲಿಂದ ಬಂತು?

ಬ್ರನೋ (ಚೆಕ್ ದೇಶ), ಭಾನುವಾರ ರಾತ್ರಿ

ಪ್ರೀತಿಯ ಅಕ್ಕ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಮೊದಲ ಸಲ ಏನೂ ತಿಳಿಯಲಿಲ್ಲ. ಅಷ್ಟು ಮೆಲ್ಲಗೆ ಮಾತಾಡಿದ್ದೀಯ, ಹಿಂದೆ ನಲ್ಲಿ ನೀರಿನ ಸದ್ದು ಬೇರೆ. ಬಚ್ಚಲುಮನೆ ಬಾಗಿಲು ಹಾಕಿಕೊಂಡು ಮಾತಾಡಿದ್ದು ಅಂತ ಆಮೇಲೆ ಹೊಳೆಯಿತು. ಹನ್ನೆರಡು ದಿನದ ಬಾಣಂತಿ ಹೀಗೆ ಕದ್ದು ಅಳಬೇಕಾ? ವಿಷಯ ಇಷ್ಟೇ ಅಲ್ವಾ: ನಿನ್ನದು ಎ ಗುಂಪು, ಭಾವನದು ಬಿ, ಪುಟ್ಟನದು ಓ ಅಂತ ರಿಪೋರ್ಟ್ ಬಂತು, ಅದನ್ನು ನೋಡಿ ನಿನ್ನ ಅತ್ತೆ ಎಲ್ಲರೆದುರೇ "ಈ ಓ ಎಲ್ಲಿಂದ ಬಂತು?" ಅಂದರು, ಭಾವ ಸುಮ್ನೆ ಕೂತರು. ನಿನಗೆ ನೋವಾಗಿದ್ದು ಅತ್ತೆಯ ಮಾತಿಗಿಂತ ಭಾವನ ಮೌನಕ್ಕೆ ಅಂತ ನನಗೆ ಗೊತ್ತು.

ಮೊದಲು ಉತ್ತರ ಹೇಳಿಬಿಡುತ್ತೇನೆ. ಎ ಮತ್ತು ಬಿ ಗುಂಪಿನವರಿಗೆ ಓ ಮಗು ಹುಟ್ಟಬಹುದು. ಅದರಲ್ಲಿ ವಿಚಿತ್ರ ಏನೂ ಇಲ್ಲ. ಯಾಕೆ ಅನ್ನೋದನ್ನು ಫೋನಲ್ಲಿ ಹೇಳಿದರೆ ಗೋಜಲಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಹಾಳೆ, ಪೆನ್ನು ಇಟ್ಟುಕೊಂಡು ಓದು. ಪುಟ್ಟ ಎದ್ದರೆ ಅಲ್ಲಿಗೇ ನಿಲ್ಲಿಸು, ಓಡಿಹೋಗುವ ವಿಷಯ ಅಲ್ಲ.

ರಕ್ತದ ಗುಂಪಿಗೆ ನಮ್ಮೊಳಗೆ ಒಂದಲ್ಲ, ಎರಡು ಚೀಟಿ ಇರುತ್ತವೆ ಅಂದುಕೋ. ಒಂದು ಅಪ್ಪ ಕೊಟ್ಟದ್ದು, ಇನ್ನೊಂದು ಅಮ್ಮ ಕೊಟ್ಟದ್ದು. ಚೀಟಿಯ ಮೇಲೆ ಎ, ಬಿ, ಓ ಮೂರರಲ್ಲಿ ಒಂದು ಬರೆದಿರುತ್ತದೆ. ಎ ಜೊತೆ ಓ ಇದ್ದರೆ ರಿಪೋರ್ಟ್‌ನಲ್ಲಿ ಬರೋದು ಬರೀ ಎ. ಬಿ ಜೊತೆ ಓ ಇದ್ದರೆ ಬರೀ ಬಿ. ಎ, ಬಿ ಎರಡೂ ಇದ್ದರೆ ಎರಡೂ ಕಾಣುತ್ತವೆ, ಅದೇ ಎಬಿ ಗುಂಪು. ಎರಡೂ ಚೀಟಿ ಓ ಆದಾಗ ಮಾತ್ರ ಓ ಅಂತ ಬರುತ್ತದೆ. ನಮ್ಮ ಮಕ್ಕಳಿಗೆ ನಾವು ದಾಟಿಸೋದು ಎರಡರಲ್ಲಿ ಒಂದೇ ಚೀಟಿ. ಯಾವುದು ಅಂತ ಆರಿಸೋಕೆ ಆಗಲ್ಲ, ಕಣ್ಣು ಮುಚ್ಚಿ ಎತ್ತಿದ ಹಾಗೆ.

ಈಗ ನಿನ್ನ ಚೀಟಿ ನೋಡೋಣ. ಅಪ್ಪ ಎ, ಅಮ್ಮ ಓ. ಅಮ್ಮನ ಹತ್ತಿರ ಇರೋದೇ ಎರಡು ಓ, ಬೇರೆ ಏನು ಕೊಡುತ್ತಾಳೆ? ಹಾಗಾಗಿ ನಿನ್ನ ಎ ಅಪ್ಪನದು, ಅದರ ಪಕ್ಕದಲ್ಲಿ ಅಮ್ಮನ ಓ ಇದ್ದೇ ಇದೆ. ನನ್ನದು ಓ ಗುಂಪು, ಅಂದರೆ ಅಪ್ಪನ ಹತ್ತಿರವೂ ಒಂದು ಓ ಇದೆ, ಅದು ನನ್ನ ಪಾಲಿಗೆ ಬಂತು. ನೋಡು, ಅಪ್ಪನ ರಿಪೋರ್ಟ್‌ನಲ್ಲಿ ಎಂದೂ ಕಾಣದ ಚೀಟಿ ನನ್ನ ರಿಪೋರ್ಟ್‌ನಲ್ಲಿ ಕಾಣುತ್ತದೆ.

ಇನ್ನು ಭಾವ. ಅವರ ತಂದೆಯ ಆಪರೇಷನ್ ಆದಾಗ ರಕ್ತಕ್ಕೆ ಓಡಾಡಿದ್ದು ನಾನೇ, ನಿನಗೆ ನೆನಪಿರಬೇಕು. ಮಾವನದು ಬಿ. ಅತ್ತೆಯದೂ ಬಿ. ಆಗ "ನಂದು ಓ, ನಾನು ಕೊಡ್ತೀನಿ" ಅಂತ ಮೊದಲು ತೋಳು ಚಾಚಿದ್ದು ಯಾರು? ನಿನ್ನ ನಾದಿನಿ! ಬಿ ಮತ್ತು ಬಿ ದಂಪತಿಗೆ ಓ ಮಗಳು. ಆ ಓ ಎಲ್ಲಿಂದ ಬಂತು ಅಂತ ಅವರ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮಾವನ ಹತ್ತಿರ ಒಂದು, ಅತ್ತೆಯ ಹತ್ತಿರ ಒಂದು ಓ ಇಲ್ಲದೆ ಅವಳು ಓ ಆಗೋಕೆ ದಾರಿಯೇ ಇಲ್ಲ.

ಹಾಳೆ ತಗೊಂಡು ನಾಲ್ಕು ಮನೆಯ ಚೌಕ ಬರಿ. ಮೇಲೆ ಮಾವನ ಬಿ, ಓ. ಪಕ್ಕಕ್ಕೆ ಅತ್ತೆಯ ಬಿ, ಓ. ತುಂಬಿಸಿದರೆ ಬಿಬಿ, ಬಿಓ, ಓಬಿ, ಓಓ ಬರುತ್ತದೆ. ಕೊನೆಯ ಮನೆ ನಾದಿನಿಯದು. ಭಾವ ಬಿ ಆದ್ದರಿಂದ ಉಳಿದ ಮೂರರಲ್ಲಿ ಒಂದು ಅವರದು, ಆ ಮೂರರಲ್ಲಿ ಎರಡರಲ್ಲಿ ಓ ಅಡಗಿದೆ. ಅಂದರೆ ಪುಟ್ಟ ಹುಟ್ಟುವ ಮೊದಲೇ, ಭಾವನ ಹತ್ತಿರ ಓ ಇರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು ಅಂತ ಲೆಕ್ಕ ಹಾಕಬಹುದಿತ್ತು. ಪುಟ್ಟ ಓ ಆದ್ದರಿಂದ ಅವರ ಹತ್ತಿರ ಓ ಇದ್ದೇ ಇದೆ. ಈಗ ಇನ್ನೊಂದು ಚೌಕ ಬರಿ, ನಿನ್ನ ಎ, ಓ ಮೇಲೆ, ಭಾವನ ಬಿ, ಓ ಪಕ್ಕಕ್ಕೆ. ನಾಲ್ಕು ಮನೆಯಲ್ಲಿ ನಾಲ್ಕು ಬೇರೆ ಬೇರೆ ಗುಂಪು: ಎಬಿ, ಎ, ಬಿ, ಓ. ನಿಮ್ಮಿಬ್ಬರ ಮಗುವಿಗೆ ಯಾವ ಗುಂಪು ಬೇಕಾದರೂ ಬರಬಹುದಿತ್ತು, ಒಂದೊಂದಕ್ಕೂ ನೂರಕ್ಕೆ 25. ಪುಟ್ಟನಿಗೆ ಓ ಸಿಕ್ಕಿದೆ, ಅಷ್ಟೇ. ಮುಂದಿನ ಮಗುವಿಗೂ ಲೆಕ್ಕ ಮತ್ತೆ ಮೊದಲಿನಿಂದ ಶುರು, ಒಂದು ಓ ಆಯಿತಲ್ಲ ಇನ್ನು ಬೇರೆ ಬರುತ್ತದೆ ಅನ್ನೋ ಹಾಗಿಲ್ಲ.

ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬ್ಲಡ್ ಗ್ರೂಪ್ ನೋಡಿ "ಇವರೇ ಅಪ್ಪ" ಅಂತ ಸಾಧಿಸೋಕೆ ಆಗಲ್ಲ. ಕೆಲವು ಸಲ "ಹೊಂದುತ್ತಿಲ್ಲ" ಅಂತ ಹೇಳಬಹುದು, ಅದೂ ಅಪವಾದ ಬಿಟ್ಟು. 1952ರಲ್ಲಿ ಬಾಂಬೆಯ ಡಾಕ್ಟರುಗಳು ಒಂದು ಅಪರೂಪದ ಗುಂಪನ್ನು ವರದಿ ಮಾಡಿದರು, ಅದಕ್ಕೆ ಬಾಂಬೆ ಗುಂಪು ಅಂತಲೇ ಹೆಸರು. ಆ ಗುಂಪಿನವರ ಒಳಗೆ ಎ ಅಥವಾ ಬಿ ಚೀಟಿ ಇದ್ದರೂ ಮಾಮೂಲಿ ಟೆಸ್ಟ್‌ನಲ್ಲಿ ಓ ಅಂತ ತೋರಿಸುತ್ತದೆ. ನಿಮ್ಮ ವಿಷಯಕ್ಕೆ ಅಷ್ಟು ದೂರ ಹೋಗುವುದೇ ಬೇಡ, ಇಲ್ಲಿ ಎಲ್ಲಾ ನೇರವಾಗಿ ಹೊಂದುತ್ತದೆ.

ಇದನ್ನೆಲ್ಲ ನಾನು ಈ ಊರಲ್ಲಿ ಕೂತು ಬರೆಯುತ್ತಿರೋದೇ ತಮಾಷೆ. ನಾನು ದಿನಾ ಟ್ರಾಮ್ ಬದಲಿಸುವ ಚೌಕಕ್ಕೆ, ಇಂಥ ಎರಡು ಚೀಟಿಯ ಲೆಕ್ಕವನ್ನು ಮೊದಲು ಕಂಡುಕೊಂಡ ಮೆಂಡೆಲ್‌ನದೇ ಹೆಸರು. ಅದರ ಪಕ್ಕದಲ್ಲೇ ಅವನಿದ್ದ ಮಠ. ಇವತ್ತು ನಿನ್ನ ಮೆಸೇಜ್ ಕೇಳಿ ತಲೆ ಕೆಟ್ಟು ಒಳಗೆ ಹೋಗಿ ಕೂತೆ. ಅವನ ಕಾಲದ ಗಾಜಿನ ಮನೆ ಈಗಿಲ್ಲ, ಅದರ ತಳಪಾಯ ಮಾತ್ರ ಉಳಿದಿದೆ, ಅದರ ಮೇಲೆ 2022ರಲ್ಲಿ ಹೊಸದು ಕಟ್ಟಿದ್ದಾರೆ. ಗ್ರೆಗರ್ ಮೆಂಡೆಲ್ ರೈತನ ಮಗ, ಕ್ರೈಸ್ತ ಸನ್ಯಾಸಿ, ಮೇಷ್ಟ್ರ ಪರೀಕ್ಷೆಯಲ್ಲಿ ಪಾಸಾಗದವನು. 1856ರಿಂದ ಏಳೆಂಟು ವರ್ಷ ಇಲ್ಲಿ ಬಟಾಣಿ ಬೆಳೆದ. ಸುಮಾರು 28,000 ಗಿಡ! ಹೂವು ಅರಳುವ ಮೊದಲೇ ಮೊಗ್ಗು ಬಿಡಿಸಿ, ಕೇಸರ ಕಿತ್ತು, ಬೇರೆ ಗಿಡದ ಪರಾಗ ತಂದು ಹಚ್ಚೋದು. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಹೀಗೆ ಕೂಡಿಸಿದ. ಬಂದ ಕಾಳೆಲ್ಲ ದುಂಡು. ಸುಕ್ಕು ಹೋಯಿತು ಅಂತ ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಅವನು ಆ ದುಂಡು ಕಾಳನ್ನೇ ಮತ್ತೆ ಬಿತ್ತಿದ. 253 ಗಿಡದಿಂದ ಬಂದ ಕಾಳನ್ನು ಒಂದೊಂದಾಗಿ ಎಣಿಸಿದ: ದುಂಡು 5,474, ಸುಕ್ಕು 1,850. ಹೆಚ್ಚುಕಮ್ಮಿ ಮೂರಕ್ಕೆ ಒಂದು. ಒಂದೇ ಸಿಪ್ಪೆಯೊಳಗೆ ದುಂಡು ಕಾಳಿನ ಪಕ್ಕದಲ್ಲೇ ಸುಕ್ಕು ಕಾಳು ಕೂತಿರುತ್ತಿತ್ತು, ನಿನ್ನ ನಾದಿನಿ ಮತ್ತು ಭಾವನ ಹಾಗೆ. ಒಂದು ತಲೆಮಾರು ಕಾಣದೇ ಇದ್ದದ್ದು ಅಳಿಸಿಹೋಗಿರಲಿಲ್ಲ.

1865ರಲ್ಲಿ ಎರಡು ಸಂಜೆ ಇದನ್ನು ಇಲ್ಲಿನ ಸಭೆಯಲ್ಲಿ ಓದಿದ, ಮರುವರ್ಷ ಅಚ್ಚಾಯಿತು, ಹೆಚ್ಚು ಜನ ತಲೆ ಕೆಡಿಸಿಕೊಳ್ಳಲಿಲ್ಲ. 1884ರಲ್ಲಿ ತೀರಿಕೊಂಡ. 1900ರಲ್ಲಿ ಮೂರು ವಿಜ್ಞಾನಿಗಳು ಬೇರೆ ಬೇರೆಯಾಗಿ ಅದೇ ಲೆಕ್ಕ ಮುಂದಿಟ್ಟರು, ಅವನ ಹಳೇ ಲೇಖನ ಮತ್ತೆ ಬೆಳಕಿಗೆ ಬಂತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಕಂಡುಹಿಡಿದರು. ನಾನು ಮೇಲೆ ಹೇಳಿದ ಎ, ಬಿ, ಓ ಮೂರು ಚೀಟಿಯ ಲೆಕ್ಕ ಕೂಡಿಬಂದದ್ದು 1924ರಲ್ಲಿ, ಬರ್ನ್‌ಸ್ಟೈನ್ ಅನ್ನೋ ಗಣಿತದವರಿಂದ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ಓ ಅಂದರೆ ಏನು ಗೊತ್ತಾ? ಎ ಜೀನ್ (ನಾನು ಚೀಟಿ ಅಂದದ್ದು ಇದನ್ನೇ) ಕೆಂಪು ರಕ್ತಕಣದ ಮೈಮೇಲೆ ಒಂದು ಬಗೆಯ ಸಕ್ಕರೆ ಅಂಟಿಸುವ ಕೆಲಸಗಾರನನ್ನು ತಯಾರಿಸುತ್ತದೆ. ಬಿ ಜೀನ್ ಬೇರೆ ಬಗೆಯ ಸಕ್ಕರೆ ಅಂಟಿಸುವವನನ್ನು. ಓ ಜೀನ್‌ನ ಕೆಲಸಗಾರ ಏನೂ ಅಂಟಿಸುವುದಿಲ್ಲ. ತುಂಬಾ ಜನರ ಓ ಜೀನ್‌ನಲ್ಲಿ ಬರಹದ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ, ಅಲ್ಲಿಂದ ಮುಂದೆ ಎಲ್ಲ ತಪ್ಪು ಓದು. ಹಾಗಾಗಿ ಎ ಒಂದಿದ್ದರೂ ಸಾಕು, ಸಕ್ಕರೆ ಅಂಟುತ್ತದೆ, ಟೆಸ್ಟ್‌ನಲ್ಲಿ ಕಾಣುತ್ತದೆ. ಎ ಬಂದು ಓ ಅನ್ನು ತುಳಿಯಿತು ಅಂತ ಅಲ್ಲ, ಓ ಕೈಕಟ್ಟಿ ಕೂತಿದೆ ಅಷ್ಟೇ. ಬಟಾಣಿ ಸುಕ್ಕಾಗೋದೂ ಹೀಗೇ. ಪಿಷ್ಟಕ್ಕೆ ಕವಲು ಹಾಕುವ ಜೀನ್ ಕೆಟ್ಟಿರುತ್ತದೆ, ಸಕ್ಕರೆ ಹಾಗೇ ಉಳಿಯುತ್ತದೆ, ಸಕ್ಕರೆ ನೀರೆಳೆದು ಕಾಳು ಉಬ್ಬುತ್ತದೆ, ಒಣಗಿದಾಗ ಸುಕ್ಕುಗಟ್ಟುತ್ತದೆ. ಅದು ತಿಳಿದದ್ದು 1990ರಲ್ಲಿ. ಹೀಗೆ ಮರೆಯಲ್ಲಿ ಉಳಿಯೋದಕ್ಕೆ "ದುರ್ಬಲ ಗುಣ" ಅನ್ನೋ ಪಾಠದ ಮಾತು ನನಗೆ ಯಾಕೋ ಹಿಡಿಸಲ್ಲ. ಓ ಗುಂಪಿನ ನನ್ನಲ್ಲಿ ಏನು ದುರ್ಬಲ?

ಎಲ್ಲಾ ಗುಣವೂ ಇಷ್ಟು ಸಲೀಸಲ್ಲ ಮತ್ತೆ. ಬಣ್ಣ, ಎತ್ತರಕ್ಕೆಲ್ಲ ಎಷ್ಟೋ ಜೀನ್ ಸೇರಿಕೊಂಡಿರುತ್ತವೆ, ಊಟ ಆರೈಕೆಯೂ ಸೇರುತ್ತದೆ. ಮಗು ನಿಮ್ಮಿಬ್ಬರಿಗಿಂತ ಕಪ್ಪು, ಬಿಳಿ ಅಂತ ಯಾರಾದರೂ ಹೋಲಿಸಿದರೆ ನಾಲ್ಕು ಮನೆಯ ಚೌಕ ಅಲ್ಲಿ ನಡೆಯಲ್ಲ. ನಾಲಿಗೆ ಮಡಚೋದು ಒಂದೇ ಜೀನ್‌ನಿಂದ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರಲ್ಲ, ಅದೂ ತಪ್ಪು, ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೇ ಇದ್ದದ್ದುಂಟು. ಪಾಪ ಮೆಂಡೆಲ್‌ಗೂ ಬಟಾಣಿ ಬಿಟ್ಟು ಇನ್ನೊಂದು ಗಿಡ ಹಿಡಿದಾಗ ಲೆಕ್ಕ ಕೈಕೊಟ್ಟಿತು. ಅದು ಪರಾಗದ ಹಂಗಿಲ್ಲದೆ ಬೀಜ ಕಟ್ಟುವ ಗಿಡ ಅಂತ ಅವನಿಗೆ ಹೇಗೆ ಗೊತ್ತಾಗಬೇಕು.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಅಂತಾಳಲ್ಲ ಅಮ್ಮ, ಆ ಗಾದೆಯಲ್ಲಿ ಅಪ್ಪನ ಸುದ್ದಿಯೇ ಇಲ್ಲ! ಪುಟ್ಟನಿಗೆ ನೀನು ಕೊಟ್ಟದ್ದು 23 ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆ), ಭಾವ ಕೊಟ್ಟದ್ದು 23. ನಿನ್ನ 23 ಜೋಡಿಯಲ್ಲಿ ಪ್ರತಿ ಜೋಡಿಯಿಂದ ಒಂದೊಂದು ಎತ್ತಿದರೆ ನಿನ್ನೊಬ್ಬಳಿಂದಲೇ 83,88,608 ಬಗೆ ಆಗುತ್ತದೆ. ಎಂಬತ್ನಾಲ್ಕು ಲಕ್ಷ ಯೋನಿ ಅಂತಾರಲ್ಲ, ಆ ಲೆಕ್ಕಕ್ಕೆ ಹತ್ತಿರ ಬಂತು ನೋಡಿ ನಗು ಬಂತು ನನಗೆ.

ಚೌಕವನ್ನು ಭಾವನಿಗೆ ನೀನೇ ತೋರಿಸು, ಅವರಿಬ್ಬರೇ ಇದ್ದಾಗ ಅವರೇ ತಮ್ಮ ಅಮ್ಮನಿಗೆ ಹೇಳಲಿ. ನಾದಿನಿಯ ವಿಷಯ ಎತ್ತಿ ಅತ್ತೆಯನ್ನು ಎಲ್ಲರೆದುರು ಚುಚ್ಚಬೇಡ. ಚುಚ್ಚಬೇಕು ಅನ್ನಿಸುತ್ತದೆ, ಗೊತ್ತು. ಭಾವನಿಗೆ ನಾನು ನಾಳೆ ರಾತ್ರಿ ಫೋನ್ ಮಾಡುತ್ತೇನೆ, ಬೈಯಲ್ಲ.

ನಿದ್ದೆ ಮಾಡು. ಅಪ್ಪ ಅಮ್ಮನಿಗೆ ಈ ಕಾಗದ ಓದಿ ಹೇಳು, ಬಚ್ಚಲುಮನೆಯ ಸಾಲು ಬಿಟ್ಟು.

ಇತಿ ನಿನ್ನ ತಮ್ಮ

ಮರೆತಿದ್ದೆ: ಪುಟ್ಟನ ಕಿವಿ ಥೇಟ್ ಅಪ್ಪನದೇ ಅಂತ ಅಮ್ಮ ಫೋನಲ್ಲಿ ಸಾರಿ ಸಾರಿ ಹೇಳುತ್ತಿದ್ದಾಳೆ. ನೀನು ಕಳಿಸಿದ ಹದಿನಾರು ಫೋಟೋದಲ್ಲೂ ಕುಲಾವಿ ಕಿವಿ ಮುಚ್ಚಿದೆ. ಒಂದು ಫೋಟೋ ಕುಲಾವಿ ತೆಗೆದು ಕಳಿಸು.