ಅಪ್ಪನ ಹಲ್ಲು ಉಳಿಸಿಕೊಟ್ಟವರಿಗೆ

ಎಲ್ಲರಿಗೂ ನಮಸ್ಕಾರ. ಅಪ್ಪನ ದವಡೆ ಹಲ್ಲಿಗೆ ನಿನ್ನೆ ಕ್ಯಾಪ್ ಕೂರಿಸಿದರು. ರೂಟ್ ಕೆನಾಲ್ ಪೂರ್ತಿ ಮುಗಿಯಿತು. ಇಷ್ಟು ದಿನ ನಮ್ಮ ಜೊತೆಗಿದ್ದವರಿಗೆ ಮನಸ್ಸು ಬಿಚ್ಚಿ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು.

ಮೊದಲ ಧನ್ಯವಾದ ಕಿವಿ ಡಾಕ್ಟರಿಗೆ. ಯಾಕಂದರೆ ಅಪ್ಪನಿಗೆ ನೋವು ಶುರುವಾಗಿದ್ದೇ ಕಿವಿಯಲ್ಲಿ. ಎಡಗಿವಿ, ಅದರ ಹಿಂದೆ, ಅಲ್ಲಿಂದ ತಲೆಯವರೆಗೂ. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ಕಿವಿ ಚೆನ್ನಾಗಿದೆ ಯಜಮಾನ್ರೇ, ಬಾಯಿ ತೆಗೀರಿ" ಅಂದರು. ಕೆಳಗಿನ ದವಡೆ ಹಲ್ಲುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿದರು. ಒಂದು ಹಲ್ಲಿಗೆ ಬಂದಾಗ ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಕೆಳದವಡೆಗೂ ಕಿವಿಯ ಸುತ್ತಮುತ್ತಲಿಗೂ ಒಂದೇ ನರದ ಕವಲುಗಳು ಹೋಗುತ್ತವಂತೆ. ಅದಕ್ಕೇ ನೋವು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗುವುದಿಲ್ಲ. ಸುಮ್ನೆ ಕಿವಿಗೆ ಹಾಕುವ ಹನಿ ಬರೆದು ಕಳಿಸದೆ, ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ಚೀಟಿ ಕೊಟ್ಟರಲ್ಲ ಸರ್, ಅದನ್ನು ನಾವು ಮರೆಯುವುದಿಲ್ಲ.

ಇನ್ನು ಹಲ್ಲಿನ ಡಾಕ್ಟರ್ ಮೇಡಂ. ಅವರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಎಕ್ಸ್‌ರೇ ಹಿಡಿದು ಅಪ್ಪನಿಗೆ ಅರ್ಥವಾಗುವ ತನಕ ಹೇಳಿದರು. ಹುಳುಕು ಇದ್ದದ್ದು ಎರಡು ಹಲ್ಲುಗಳ ನಡುವೆ, ಬ್ರಷ್ ಹೋಗದ ಜಾಗದಲ್ಲಿ. ಮೇಲಿಂದ ನೋಡಿದರೆ ಹಲ್ಲು ಗಟ್ಟಿಯಾಗಿಯೇ ಕಾಣುತ್ತಿತ್ತು. ಬಾಯಲ್ಲಿರುವ ಬ್ಯಾಕ್ಟೀರಿಯಾ ನಾವು ತಿಂದ ಸಿಹಿಯನ್ನು ಆಸಿಡ್ ಮಾಡುತ್ತವೆ. ಆ ಆಸಿಡ್ ಹಲ್ಲಿನ ಹೊರಪದರವನ್ನು ನಿಧಾನವಾಗಿ ಕರಗಿಸುತ್ತದೆ. ಅಪ್ಪನಿಗೆ ಕೊಬ್ಬರಿ ಬೆಲ್ಲ ಅಂದರೆ ಪ್ರಾಣ. ಬೆಲ್ಲ ಹಲ್ಲಿನ ಸಂದಿಯಲ್ಲಿ ಅಂಟಿಕೊಂಡು ಕೂತಷ್ಟೂ ಹುಳುಕಿಗೆ ಒಳ್ಳೆಯದು, ಹಲ್ಲಿಗೆ ಕೆಟ್ಟದ್ದು. ಹುಳುಕು ಒಳಗಿನ ತಿರುಳಿಗೆ ಮುಟ್ಟಿದಾಗ ನಿಜವಾದ ಕಷ್ಟ ಶುರು. ನರ, ರಕ್ತನಾಳ ಎಲ್ಲ ಅಲ್ಲೇ ಇರುವುದು. ಕೈಬೆರಳಿಗೆ ಪೆಟ್ಟಾದರೆ ಊದಿಕೊಳ್ಳಲು ಜಾಗ ಇದೆ. ಹಲ್ಲಿನ ತಿರುಳಿಗೆ ಸುತ್ತಲೂ ಗಟ್ಟಿ ಗೋಡೆ. ಬಾವು ಒಳಗೇ ಒತ್ತುತ್ತದೆ. ಮಲಗಿದರೆ ತಲೆಗೆ ರಕ್ತದ ಒತ್ತಡ ಜಾಸ್ತಿಯಾಗಿ ನೋವು ಇನ್ನೂ ಏರುತ್ತದೆ. ಅಪ್ಪ ರಾತ್ರಿಯೆಲ್ಲ ಜಗಲಿ ಮೇಲೆ ಯಾಕೆ ಕೂತಿರುತ್ತಿದ್ದರು ಅಂತ ನಮಗೆ ಆಗ ಅರ್ಥವಾಯಿತು. ತಣ್ಣೀರು ಕುಡಿದಾಗ ಹಲ್ಲು ಜುಮ್ ಅಂದು ತಕ್ಷಣ ಬಿಟ್ಟರೆ ತಿರುಳು ಇನ್ನೂ ಉಳಿಯಬಹುದು, ಬಹಳ ಹೊತ್ತು ಹಿಡಿದುಕೊಂಡರೆ ಉಳಿಯುವುದು ಕಷ್ಟ ಅಂತಲೂ ಮೇಡಂ ಹೇಳಿದರು.

ರೂಟ್ ಕೆನಾಲ್‌ಗೆ ದಿನ ಕೊಟ್ಟರು. ಆದರೆ ಅದಕ್ಕೂ ಮೊದಲೇ ನೋವು ತಾನಾಗಿಯೇ ನಿಂತುಹೋಯಿತು! ಅಪ್ಪ "ವಾಸಿಯಾಯ್ತು, ಬಿಡ್ರೋ" ಅಂದರು. ಇಲ್ಲಿ ಆಸ್ಪತ್ರೆಯ ಸಿಸ್ಟರ್‌ಗೆ ಕೈಮುಗಿಯಬೇಕು. ಅಪ್ಪ ಬರಲಿಲ್ಲ ಅಂತ ಅವರೇ ಫೋನ್ ಮಾಡಿದರು. "ನೋವು ನಿಂತಿದ್ದು ನರ ಸತ್ತಿರೋದಕ್ಕೂ ಇರಬಹುದು ಅಣ್ಣಾ. ಸೋಂಕು ಹಾಗೇ ಇರುತ್ತೆ, ಬೇರಿನ ತುದೀಲಿ ಕೀವಾಗುತ್ತೆ. ಕರ್ಕೊಂಡು ಬನ್ನಿ" ಅಂದರು. ಆ ಫೋನ್ ಬರದಿದ್ದರೆ ಅಪ್ಪ ಬಹುಶಃ ಆ ಕಡೆ ತಲೆ ಹಾಕುತ್ತಿರಲಿಲ್ಲ.

ನಮ್ಮೂರ ಮೆಡಿಕಲ್ ಶಾಪಿನ ಅಣ್ಣನಿಗೂ ದೊಡ್ಡ ನಮಸ್ಕಾರ. ಅಪ್ಪ ಸುಮ್ನೆ ಆಂಟಿಬಯೋಟಿಕ್ ಕೇಳಿದರೆ ಅವರು ಚೀಟಿ ಇಲ್ಲದೆ ಕೊಡಲಿಲ್ಲ. ಆಮೇಲೆ ಮೇಡಂ ಕೂಡ ಅದೇ ಸರಿ ಅಂದರು. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ, ಮಾತ್ರೆಯ ಔಷಧಿ ಅಲ್ಲಿಗೆ ಹೇಗೆ ತಲುಪಬೇಕು? ಲವಂಗದ ಎಣ್ಣೆಯೂ ಅಷ್ಟೇ, ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಹುಳುಕನ್ನು ವಾಸಿ ಮಾಡುವುದಿಲ್ಲ. ಜಾಸ್ತಿ ಹಾಕಿದರೆ ವಸಡು ಸುಡುತ್ತದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಮೇಡಂ ಮೊದಲು ಶುಗರ್ ನೋಡಿಸಿ ಆಮೇಲೆ ಕೆಲಸಕ್ಕೆ ಕೈ ಹಾಕಿದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಳಗಿನ ತಿರುಳು ತೆಗೆದು, ಬೇರಿನ ಕಾಲುವೆಗಳನ್ನು ಸಣ್ಣ ಸೂಜಿಯಂಥ ಫೈಲ್‌ಗಳಿಂದ ಉಜ್ಜಿ, ಔಷಧಿ ನೀರಿನಿಂದ ತೊಳೆದರು. ಆಮೇಲೆ ಗಟ್ಟಾ ಪರ್ಚಾ ಅನ್ನುವ, ಮರದ ಹಾಲಿನಿಂದ ಬರುವ ವಸ್ತುವನ್ನು ತುಂಬಿ ಮುಚ್ಚಿದರು. ಕೀಳಿಸಿಬಿಡಿ ಅಂತ ನಮ್ಮ ಕಡೆಯವರೇ ಎಷ್ಟೋ ಜನ ಹೇಳಿದ್ದರು. ಉಳಿಸುವಂಥ ಹಲ್ಲನ್ನು ಕೀಳೋದು ಬೇಡ ಅಂತ ಮೇಡಂ ಗಟ್ಟಿಯಾಗಿ ನಿಂತರು. ಅವರ ಮಾತೇ ಸರಿಯಾಯಿತು.

ಅಷ್ಟು ದಿನವೂ ಅಪ್ಪನ ಹೊಟ್ಟೆ ತುಂಬಿಸಿದ್ದು ಪಕ್ಕದ ಮನೆಯ ಅತ್ತೆ. ಮುದ್ದೆಯನ್ನು ಅಗಿಯುವ ಕೆಲಸ ಇಲ್ಲವಲ್ಲ, ದಿನಾ ಮೆತ್ತಗೆ ತಿರುವಿ, ತಿಳಿಸಾರಿನ ಜೊತೆ ಕಳಿಸುತ್ತಿದ್ದರು. ಅತ್ತೆ, ನಿಮ್ಮ ಋಣ ದೊಡ್ಡದು.

ಇದನ್ನು ಓದುವವರ ಮನೆಯಲ್ಲಿ ಯಾರಿಗಾದರೂ ಹಲ್ಲುನೋವಿನ ಜೊತೆ ಮುಖ ಊದಿ, ಜ್ವರ ಬಂದರೆ, ಬಾಯಿ ತೆಗೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ. ಸೋಂಕು ಕತ್ತಿಗೆ ಇಳಿದರೆ ಜೀವಕ್ಕೇ ಅಪಾಯ ಅಂತ ಮೇಡಂ ಎಲ್ಲರಿಗೂ ಹೇಳಲು ಹೇಳಿದ್ದಾರೆ.

ಮೇಡಂ, ಅಮ್ಮನಿಗೆ ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬರುತ್ತಿದೆ. ನಿಮ್ಮ ಮಾತು ಕೇಳಿದ ಮೇಲೆ ಅವರೂ ತೋರಿಸಿಕೊಳ್ಳಲು ಒಪ್ಪಿದ್ದಾರೆ. ಸೋಮವಾರ ಕರೆದುಕೊಂಡು ಬರುತ್ತೇವೆ.