ರಾಣಿ ಸೆರೆಯಿದ್ದ ಬೆಟ್ಟದ ನೀರು: ಮಧುಗಿರಿಯ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಮತದಾರನಲ್ಲ. ಹೊಸನಗರ ತಾಲ್ಲೂಕಿನ ನಗರದವನು, ಅಂದರೆ ಹಳೆಯ ಬಿದನೂರಿನವನು. ನಿಮ್ಮ ಬೆಟ್ಟಕ್ಕೆ ರೋಪ್‌ವೇ ಬೇಕೆಂಬ ಮಾತಿಗೆ ನನ್ನದೂ ಒಂದು ಮಾತು ಸೇರಿಸಲು ಬರೆಯುತ್ತಿದ್ದೇನೆ. ಹೋದ ಮಾಘದಲ್ಲಿ ನಿಮ್ಮೂರಿನ ಏಕಶಿಲಾ ಬೆಟ್ಟ ಹತ್ತಿ ಬಂದೆ. ಚಾರಣದ ಹುಚ್ಚೇನೂ ನನಗಿಲ್ಲ. ಎಳೆದು ತಂದದ್ದು ಒಂದು ಹಳೆಯ ನಂಟು. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದಾಗ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ತಂದು ಸೆರೆಯಿಟ್ಟದ್ದು ನಿಮ್ಮ ಕೋಟೆಯಲ್ಲಿ. ನಾಲ್ಕು ವರ್ಷದ ಮೇಲೆ, 1767ರಲ್ಲಿ, ಪೇಶ್ವೆ ಮಾಧವರಾಯ ಕೋಟೆ ಹಿಡಿದು ಅವರನ್ನು ಬಿಡಿಸಿದ. ಆದರೆ ಆಕೆ ಮತ್ತೆ ಬಿದನೂರು ನೋಡಲಿಲ್ಲ. ಪುಣೆಗೆ ಕರೆದೊಯ್ಯುವ ಹಾದಿಯಲ್ಲೇ ತೀರಿಕೊಂಡಳು.

ಹುಲಿಕಲ್ ಘಾಟಿಯ ಮಳೆಯಲ್ಲಿ ಬೆಳೆದವನಿಗೆ ನಿಮ್ಮ ಬೆಟ್ಟ ಕಂಡಾಗ ಮೊದಲು ಹೊಳೆದದ್ದು ಒಂದೇ: ಆಕೆ ಇಲ್ಲಿ ನೀರಿಗೇನು ಮಾಡಿದಳು? ಊರಿನ ನೆತ್ತಿಯ ಮೇಲೆ ಬೋಳು ಬಂಡೆ, ಸಮುದ್ರಮಟ್ಟದಿಂದ 3,930 ಅಡಿ. ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆ ಎನ್ನುತ್ತಾರೆ, ಮೊದಲನೆಯದು ಸಾವನದುರ್ಗವಂತೆ. ಅಳೆದವರು ಯಾರೋ! ರಾಮನಗರದಿಂದ ಮಾಗಡಿ, ಮಧುಗಿರಿ, ಪಾವಗಡದ ಕಡೆಗೆ ಸಾಗುವ ಒಂದೇ ಗ್ರಾನೈಟ್ ಪಟ್ಟಿಯ ಕಲ್ಲು ಇದು. ಸುಮಾರು 250 ಕೋಟಿ ವರ್ಷ ಹಳೆಯದು.

ನೀರಿನ ಪ್ರಶ್ನೆಗೆ ಉತ್ತರ ಹತ್ತುತ್ತಾ ಸಿಕ್ಕಿತು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎನ್ನುತ್ತಾ ಸಾಗುವಾಗ ಬಂಡೆಯ ತಗ್ಗುಗಳಲ್ಲಿ ದೊಣೆಗಳು, ಅಂದರೆ ಮಳೆನೀರು ನಿಲ್ಲುವ ಕಲ್ಲಿನ ಹೊಂಡಗಳು. ಮಳೆ ಬಿದ್ದರೆ ಬೋಳು ಬಂಡೆ ಒಂದು ಹನಿಯನ್ನೂ ಕುಡಿಯುವುದಿಲ್ಲ, ಪೂರ್ತಿ ಕೆಳಗೆ ಜಾರಿಸುತ್ತದೆ; ಅದು ಹರಿದುಹೋಗದಂತೆ ಹಿಡಿದಿಟ್ಟುಕೊಳ್ಳಬೇಕು, ಅಷ್ಟೆ. ಕೋಟೆ ಹುಟ್ಟಿದ ಕತೆಯೂ ನೀರಿನದೇ. ತಪ್ಪಿಸಿಕೊಂಡು ಬೆಟ್ಟ ಹತ್ತಿದ ಕುರಿಯೊಂದು ಮೈಯೆಲ್ಲ ತೊಯ್ದು ಇಳಿದು ಬಂತಂತೆ. ಮೇಲೆ ಸೆಲೆಯಿದೆ ಎಂದು ತಿಳಿದ ಪಾಳೆಯಗಾರ ಹಿರೇಗೌಡ ಅಲ್ಲಿ ಮಣ್ಣಿನ ಕೋಟೆ ಕಟ್ಟಿದ. 1678ರಲ್ಲಿ ಚಿಕ್ಕದೇವರಾಜ ಒಡೆಯರು ಅದನ್ನು ಗೆದ್ದರು, ಆಮೇಲೆ ಹೈದರ್ ಬಲಪಡಿಸಿದ. ಆದರೆ ಜಾಗ ತೋರಿಸಿಕೊಟ್ಟದ್ದು ಕುರಿ.

ಆ ದೊಣೆಗಳಲ್ಲೊಂದರ ಅಂಚಿನಲ್ಲಿ ಬುತ್ತಿ ಬಿಚ್ಚಿ ಕುಳಿತೆ. ಒಳಗೆ ಬಾಟಲಿ, ಚಿಪ್ಸ್ ಪೊಟ್ಟಣ, ಒಂದು ಒಂಟಿ ಚಪ್ಪಲಿ. ತಳದಲ್ಲಿ ಹೂಳು, ಅದರ ಮೇಲೆ ಹಸಿರು ಪಾಚಿ. ಇದು ಯಾರ ಮೇಲಿನ ದೂರೂ ಅಲ್ಲ. ಎಸೆದವರು ನನ್ನ ಹಾಗೇ ಬಂದ ಪ್ರವಾಸಿಗರು. ಗಂಟಲು ಒಣಗಿ ಒಂದು ಬಾಟಲಿ ನೀರು ಕುಡಿದು, ಖಾಲಿ ಬಾಟಲಿಯನ್ನು ನೀರಿನ ದೊಣೆಗೇ ಎಸೆಯುವ ಜಾಣ್ಮೆ ಮನುಷ್ಯನಿಗೆ ಮಾತ್ರ ಬರುತ್ತದೆ. ಕುರಿಗೆ ಬರುವುದಿಲ್ಲ.

ಈ ಬೆಟ್ಟಕ್ಕೆ ರೋಪ್‌ವೇ ಬೇಕೆಂಬ ಮಾತು ಹಲವು ವರ್ಷಗಳಿಂದ ಕೇಳಿಬರುತ್ತಿದೆ. ಅದರ ಬಗ್ಗೆಯೇ ಈ ಪತ್ರ. ನಮ್ಮಮ್ಮನಿಗೆ ಮಂಡಿನೋವು, ಅವಳು ಕೆಳಗಿನ ಮಲ್ಲೇಶ್ವರ, ವೆಂಕಟರಮಣ ದೇವಸ್ಥಾನಗಳಲ್ಲೇ ಉಳಿದಳು. ರೋಪ್‌ವೇ ಇದ್ದಿದ್ದರೆ ಅವಳೂ ಮೇಲೆ ಬರುತ್ತಿದ್ದಳು. ಹಾಗಾಗಿ ಬೇಡವೇ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಮೇಲೆ ಹೋಗಿ ನೋಡುವುದೇನು? ಗಾಳಿ, ಪಾಳುಬಿದ್ದ ಗೋಪಾಲಕೃಷ್ಣ ದೇಗುಲ, ದೂರದ ಗುಡ್ಡಗಳು. ಕೋಟೆ ಇರುವುದು ದಾರಿಯಲ್ಲಿ: ಬಾಗಿಲಿನ ಹಿಂದೆ ಬಾಗಿಲು, ಬತೇರಿ (ಕಾವಲಿನ ಬುರುಜು), ದೊಣೆ, ಮತ್ತೆ ಮಧ್ಯದ ಆ ಕಡಿದಾದ ಬೆನ್ನು. ಅಲ್ಲಿ ಉಳಿಯಿಂದ ಕಡಿದ ಸಣ್ಣ ಹೆಜ್ಜೆಗುಳಿಗಳು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಮಧ್ಯಾಹ್ನ ಹನ್ನೆರಡಕ್ಕೆ ಆ ಕಂಬಿ ಹಿಡಿದ ನನ್ನ ಅಂಗೈ ರೊಟ್ಟಿ ಹಂಚಿಗೆ ತಾಗಿದಂತಾಯಿತು. (ಬೆಳಿಗ್ಗೆ ಆರಕ್ಕೇ ಹೊರಡಬೇಕಿತ್ತು ಎಂದು ಇಳಿಯುವಾಗ ಒಬ್ಬ ಹುಡುಗ ನಕ್ಕ.) ತೊಟ್ಟಿಲಲ್ಲಿ ಕೂತು ತೇಲಿಹೋದವರಿಗೆ, ಈ ಕೋಟೆಯನ್ನು ಹಿಡಿಯಲು ಎಷ್ಟೊಂದು ಸೈನ್ಯಗಳು ಯಾಕೆ ಪರದಾಡಿದವು ಎಂಬುದು ಗೊತ್ತಾಗುವುದಾದರೂ ಹೇಗೆ?

ಆದ್ದರಿಂದ ಹಣ ಬಂದಾಗ ಮೊದಲು ದೊಣೆಗಳಿಗೆ ಹಾಕಿಸಿ. ಪುರಾತತ್ವದವರ ಒಪ್ಪಿಗೆ ಪಡೆದು, ಅವರ ಕಣ್ಣೆದುರಲ್ಲೇ ಹೂಳೆತ್ತಿಸಿ. ಜೆಸಿಬಿ ಅಲ್ಲಿಗೆ ಹತ್ತುವುದಿಲ್ಲ ಎಂಬುದೇ ಪುಣ್ಯ. ನಕ್ಕ ಆ ಹುಡುಗನಂಥ ಸ್ಥಳೀಯರು ನಾಲ್ಕಾರು ಜನರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು ಕಡಿದಾದ ಜಾಗದಲ್ಲಿ ನಿಲ್ಲಿಸಿ. ಕೆಳಗಿನ ಬಾಗಿಲಲ್ಲಿ ಎಷ್ಟು ಬಾಟಲಿ ಮೇಲೆ ಹೋದವು, ಎಷ್ಟು ಇಳಿದವು ಎಂದು ಎಣಿಸಲಿ. ಇನ್ನೊಂದು, ಇದು ಬರೀ ನನ್ನ ಸ್ವಾರ್ಥ: ವೀರಮ್ಮಾಜಿಯ ಹೆಸರು ಅಲ್ಲೆಲ್ಲಾದರೂ ಕಲ್ಲಿನಲ್ಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ.

ಹೂಳೆತ್ತುವ ದಿನ ಗೊತ್ತಾದರೆ ತಿಳಿಸಿ. ಮುಂಗಾರಿಗೆ ಮೊದಲಾದರೆ ಒಳ್ಳೆಯದು, ಆಮೇಲೆ ನಮ್ಮಲ್ಲಿ ಅಡಿಕೆಗೆ ಔಷಧಿ ಹೊಡೆಯುವ ಗಡಿಬಿಡಿ. ನಾಲ್ಕು ಜನ ಬರುತ್ತೇವೆ, ಗುದ್ದಲಿ ಬುಟ್ಟಿ ನಮ್ಮವೇ.

ಇಂತಿ,
ಬಿದನೂರಿನ ಒಬ್ಬ ಪ್ರವಾಸಿ