ನವೆಂಬರ್ 1ರಿಂದ ನಮ್ಮ ಸ್ಪೀಕರ್ ಸೆಟ್ ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ನಮ್ಮ ಮೈಸೂರಿನ ಅಂಗಡಿಯಿಂದ ಹಾಲ್, ಅಡುಗೆಮನೆ, ಮಹಡಿ ಎಂದು ಮನೆ ತುಂಬ ಸ್ಪೀಕರ್ ಹಾಕಿಸಿಕೊಂಡ ಎಲ್ಲರಿಗೂ ಈ ಪತ್ರ. ನವೆಂಬರ್ 1ರಿಂದ ಹಳೆಯ ಬ್ಲೂಟೂತ್ ಸೆಟ್ ಮಾರುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಹೊಸದಾಗಿ ಹಾಕುವುದೆಲ್ಲ ಆರಾಕಾಸ್ಟ್ ಎಂಬ ಹೊಸ ಬಗೆಯ ಬ್ಲೂಟೂತ್ ಸೆಟ್. ನಿಮ್ಮ ಮನೆಯಲ್ಲಿ ಈಗ ಇರುವುದನ್ನು ಕಿತ್ತು ಹಾಕಬೇಕಾಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇವೆ. ಸುದ್ದಿ ಕೇಳಿ ಇಬ್ಬರು ಆಗಲೇ ಗಾಬರಿಯಿಂದ ಅಂಗಡಿಗೆ ಓಡಿ ಬಂದಿದ್ದರು.

ಈ ಬದಲಾವಣೆಗೆ ನಿಮ್ಮ ದೂರುಗಳೇ ಕಾರಣ. ಮಗ ಕೆಲಸ ಮುಗಿಸಿ ಬಂದು ಗೇಟು ತೆಗೆಯುವಷ್ಟರಲ್ಲಿ ಅವನ ಫೋನು ತಾನಾಗಿಯೇ ಸ್ಪೀಕರಿಗೆ ಅಂಟಿಕೊಳ್ಳುತ್ತದೆ. ಅವನ ಮ್ಯಾನೇಜರ್ ಬೈಯುವುದು ದೇವರಕೋಣೆಯಲ್ಲಿ ಕೇಳಿಸುತ್ತದೆ. ಇನ್ನೊಂದು ದೂರು ಇದಕ್ಕಿಂತ ಜಾಸ್ತಿ. ಹಾಲ್‌ನಲ್ಲಿ ಪಲ್ಲವಿ ಮುಗಿದ ಮೇಲೆ ಅಡುಗೆಮನೆಯಲ್ಲಿ ಮುಗಿಯುತ್ತದೆ. "ಹಾಡ್ತಿರೋದು ಒಬ್ರಾ, ಇಬ್ರಾ?" ಎಂದು ಒಬ್ಬ ಅಜ್ಜಿ ಕೇಳಿದರು. ನಮ್ಮ ಹುಡುಗ ತಲೆ ಕೆರೆದುಕೊಂಡು ಬಂದ.

ಹಳೆಯ ಬ್ಲೂಟೂತ್‌ನಲ್ಲಿ ಹಾಡು ಹೋಗುವುದು ಜೋಡಿ ಲೆಕ್ಕದಲ್ಲಿ. ಈ ಕಡೆ ಒಂದು ಫೋನು, ಆ ಕಡೆ ಒಂದು ಸ್ಪೀಕರ್. ನಾಲ್ಕು ಸ್ಪೀಕರಿಗೆ ಒಟ್ಟಿಗೆ ಕಳಿಸಬೇಕು ಎಂದಾಗ ಕಂಪನಿಗಳು ತಮ್ಮ ತಮ್ಮ ಉಪಾಯ ಹೂಡಿದವು. ಹಾಗಾಗಿ ಒಬ್ಬರ ಸ್ಪೀಕರ್ ಇನ್ನೊಬ್ಬರದರ ಜೊತೆ ಸೇರುವುದಿಲ್ಲ. ನಾವು ಹೇಗೋ ಹೊಂದಿಸಿ ಕೊಟ್ಟರೂ ಶಬ್ದ ಹಿಂದುಮುಂದಾಗುತ್ತಿತ್ತು. ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ತಪ್ಪಿದರೂ ಸಾಕು, ಕಿವಿಗೆ ಗೊತ್ತಾಗಿಬಿಡುತ್ತದೆ.

ಆರಾಕಾಸ್ಟ್‌ನಲ್ಲಿ ಈ ಜೋಡಿಯ ಗೊಡವೆಯೇ ಇಲ್ಲ. ಇದು ಪ್ರಸಾರ. 1935ರಲ್ಲಿ ಇದೇ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದರು, ಅದೇ 'ಆಕಾಶವಾಣಿ'. ಊರಿನಲ್ಲಿ ಎಷ್ಟು ಮನೆಯವರು ಕೇಳುತ್ತಿದ್ದಾರೆ ಎಂಬುದು ಅವರ ಟ್ರಾನ್ಸ್‌ಮಿಟರಿಗೆ ಗೊತ್ತಿರಬೇಕಾಗಿರಲಿಲ್ಲ, ಅಲ್ವಾ? ಇದೂ ಹಾಗೆಯೇ. ಟಿವಿ ಅಥವಾ ಆಂಪ್ಲಿಫೈಯರ್ ಪಕ್ಕ ಒಂದು ಪುಟ್ಟ ಪೆಟ್ಟಿಗೆ ಇಡುತ್ತೇವೆ. ಹಾಡು ಅದಕ್ಕೆ ವೈರಿನಲ್ಲಿ ಬರುತ್ತದೆ, ಆದ್ದರಿಂದ ಮಗನ ಫೋನು ಮಧ್ಯೆ ಮೂಗು ತೂರಿಸುವ ಹಾಗಿಲ್ಲ. ಪೆಟ್ಟಿಗೆ ಅದನ್ನು ಗಾಳಿಗೆ ಬಿಡುತ್ತದೆ. ಹಿಡಿಯುವ ಸ್ಪೀಕರ್ ಎರಡಿರಲಿ, ಹನ್ನೆರಡಿರಲಿ, ಪೆಟ್ಟಿಗೆಯ ಕೆಲಸ ಅಷ್ಟೇ. ಯಾವ ತುಣುಕನ್ನು ಯಾವ ಕ್ಷಣಕ್ಕೆ ನುಡಿಸಬೇಕು ಎಂಬ ಲೆಕ್ಕ ಎಲ್ಲ ಸ್ಪೀಕರಿಗೂ ಒಂದೇ. ಅಜ್ಜಿಗೆ ಈಗ ಒಬ್ಬರೇ ಹಾಡಿದ ಹಾಗೆ ಕೇಳಿಸುತ್ತದೆ.

ಇದು ಯಾವುದೋ ಒಂದು ಕಂಪನಿಯ ಗುಟ್ಟಲ್ಲ. ಬ್ಲೂಟೂತ್ ನಿಯಮಗಳನ್ನು ಬರೆಯುವ ಬ್ಲೂಟೂತ್ ಎಸ್‌ಐಜಿ 2020ರಲ್ಲಿ ಎಲ್‌ಇ ಆಡಿಯೊ ಎಂಬ, ಶಬ್ದ ಕಳಿಸುವ ಹೊಸ ಪದ್ಧತಿಯನ್ನು ಘೋಷಿಸಿತು. ಅದರ ಪ್ರಸಾರದ ಭಾಗಕ್ಕೆ 2022ರಲ್ಲಿ ಆರಾಕಾಸ್ಟ್ ಎಂದು ಹೆಸರಿಟ್ಟಿತು. ಬೇರೆ ಬೇರೆ ಕಂಪನಿಯ ಸ್ಪೀಕರುಗಳು ಒಂದೇ ಪ್ರಸಾರ ಹಿಡಿಯಬಲ್ಲವು. ನಮಗೆ ಇಷ್ಟವಾಗಿದ್ದು ಇದೇ. ನಾಳೆ ನಮ್ಮ ಅಂಗಡಿ ಬಿಟ್ಟು ಬೇರೆ ಕಡೆ ಕೊಂಡರೂ ನಡೆಯುತ್ತದೆ. ವ್ಯಾಪಾರಿಯಾಗಿ ಇದನ್ನು ಹೇಳಬಾರದೇನೋ!

ಆದರೆ ಕೊಳ್ಳುವಾಗ ಒಂದು ಎಚ್ಚರ. ಡಬ್ಬದ ಮೇಲೆ ಬ್ಲೂಟೂತ್ 5.3 ಎಂದಿದ್ದರೆ ಆರಾಕಾಸ್ಟ್ ಇದೆ ಎಂದು ಅರ್ಥವಲ್ಲ. 5.2 ಅಥವಾ ಅದಕ್ಕಿಂತ ಹೊಸದು ಇರಲೇಬೇಕು, ನಿಜ. ಆದರೆ ಅಷ್ಟೇ ಸಾಲದು. ಆರಾಕಾಸ್ಟ್ ಎಂಬ ಹೆಸರನ್ನೇ ಹುಡುಕಿ. 'ಪಾರ್ಟಿ ಮೋಡ್' ಎಂದು ಬರೆದಿದ್ದರೂ ಸುಮ್ನೆ ನಂಬಬೇಡಿ. ಅದು ಎಷ್ಟೋ ಸಲ ಅದೇ ಕಂಪನಿಯ ಸ್ಪೀಕರುಗಳ ನಡುವಿನ ಏರ್ಪಾಡು.

ಇದಕ್ಕೂ ಕೊರತೆಗಳಿವೆ. ಎಲ್ಲಕ್ಕಿಂತ ದೊಡ್ಡದು ಗೋಡೆ. ಪ್ರಸಾರದಲ್ಲಿ ಸ್ಪೀಕರ್ "ಆ ತುಣುಕು ಸಿಗಲಿಲ್ಲ, ಮತ್ತೆ ಕಳಿಸು" ಎಂದು ಕೇಳುವ ಹಾಗಿಲ್ಲ. ಅದಕ್ಕೇ ಪೆಟ್ಟಿಗೆ ಒಂದೇ ತುಣುಕನ್ನು ಮೊದಲೇ ಎರಡು ಮೂರು ಸಲ ಕಳಿಸಬಹುದು. ಹಾಗಿದ್ದರೂ ಅಗ್ರಹಾರದ ಹಳೇ ಮನೆಗಳ ದಪ್ಪ ಗೋಡೆ, ಮೇಲಿನ ಕಾಂಕ್ರೀಟು ತಾರಸಿ, ಇವುಗಳ ಮುಂದೆ ಅದು ಸೋತದ್ದನ್ನು ನೋಡಿದ್ದೇವೆ. ಆದ್ದರಿಂದ ಇನ್ನು ಮನೆಗೆ ಬಂದು ಹಚ್ಚಿ ನೋಡದೆ ಮುಂಗಡ ತೆಗೆದುಕೊಳ್ಳುವುದಿಲ್ಲ. ನೋಡಲು ಬರುವುದಕ್ಕೆ ದುಡ್ಡಿಲ್ಲ, ಕಾಫಿ ಕೊಟ್ಟರೆ ಬೇಡ ಎನ್ನುವುದಿಲ್ಲ. ಒಂದೊಂದು ಕೋಣೆಗೆ ಒಂದೊಂದು ಹಾಡು ಬೇಕು ಎನ್ನುವವರಿಗೆ ವೈಫೈ ಸ್ಪೀಕರೇ ಸರಿ. ಅದು ಚೆನ್ನಾಗಿ ನಡೆಯುತ್ತಿದ್ದರೆ ನಮ್ಮ ಹತ್ತಿರ ಬರಲೇಬೇಡಿ.

ಪಕ್ಕದ ಮನೆಯವರು ಕೇಳಿಸಿಕೊಳ್ಳಬಹುದೇ ಎಂದು ಹಲವರು ಕೇಳಿದ್ದಾರೆ. ಪ್ರಸಾರವನ್ನು ತೆರೆದಿಟ್ಟರೆ ಹೌದು. ಅದಕ್ಕೇ ಪ್ರತಿ ಮನೆಯಲ್ಲೂ ಪಾಸ್‌ವರ್ಡ್ ಹಾಕಿಕೊಡುತ್ತೇವೆ. ಮನೆಯವರ ಹುಟ್ಟಿದ ದಿನ ಇಡಬೇಡಿ, ಪಕ್ಕದ ಮನೆಯವರು ಕೇಕ್ ತಿಂದಿರುತ್ತಾರೆ.

ಹೊಸ ಶ್ರವಣ ಸಾಧನಗಳಲ್ಲಿ ಕೆಲವು ಆರಾಕಾಸ್ಟ್ ಪ್ರಸಾರವನ್ನು ನೇರವಾಗಿ ಹಿಡಿಯುತ್ತವೆ. ಟಿವಿ ಸದ್ದು ಜೋರು ಮಾಡಿಸುವ ತಾತ ಮನೆಯಲ್ಲಿದ್ದರೆ, ಅವರ ಸಾಧನದ ಮಾಡೆಲ್ ಬರೆದು ತನ್ನಿ. ನೋಡಿ ಹೇಳುತ್ತೇವೆ.

ಹಳೆಯ ಸೆಟ್ ಇರುವವರಿಗೆ: ರಿಪೇರಿ ಎಂದಿನಂತೆ ಮುಂದುವರಿಯುತ್ತದೆ. ಸಾಫ್ಟ್‌ವೇರ್ ಹಾಕಿ ಅದನ್ನೇ ಆರಾಕಾಸ್ಟ್ ಮಾಡಿಕೊಡಿ ಎಂದರೆ ಆಗುವುದಿಲ್ಲ, ಅದರೊಳಗಿನ ಚಿಪ್ಪೇ ಬೇರೆ. ಆದರೆ ಸ್ಪೀಕರಿನ ಹಿಂದೆ ವೈರು ಸಿಕ್ಕಿಸುವ ಆಕ್ಸ್ ತೂತು ಇದ್ದರೆ ಒಂದು ಸಣ್ಣ ರಿಸೀವರ್ ಸಿಕ್ಕಿಸಿ ಹೊಸ ಪ್ರಸಾರಕ್ಕೆ ಸೇರಿಸಬಹುದು. ಆ ತೂತಿನ ಫೋಟೊ ಒಂದು ತೆಗೆದುಕೊಂಡು ಅಂಗಡಿಗೆ ಬನ್ನಿ. ಸ್ಪೀಕರನ್ನೇ ಹೊತ್ತು ತರಬೇಡಿ.

ಇಂತಿ,
ಅಂಗಡಿಯ ನಾವು ನಾಲ್ವರು